ವಿಲ್ಲಿಸ್ ಜೀಪಿನ ಐಡ್ಲಿಂಗ್ ಕುಣಿತ: ಕಾರ್ಬುರೇಟರ್ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ತೊಳೆದಾಯಿತು, ಹೊಸ ರಿಪೇರಿ ಕಿಟ್ ಹಾಕಿದ್ದೂ ಆಯಿತು. ಆದರೂ ಐಡ್ಲಿಂಗ್‌ನಲ್ಲಿ, ಎಂದರೆ ಗಾಡಿ ನಿಂತು ಎಂಜಿನ್ ಮಾತ್ರ ನಿಧಾನಕ್ಕೆ ಓಡುವಾಗ, ಗಾಡಿ ನಿಂತಲ್ಲೇ ಕುಣಿಯುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತದೆ. ಹಳೆಯ ಸೇನಾ ಜೀಪು ಇಟ್ಟುಕೊಂಡವರಿಂದ ನಾನು ಅತಿ ಹೆಚ್ಚು ಕೇಳಿರುವ ದೂರು ಇದೇ. ಕೆಲಸ ಬಾರದೆ ಸೋತವರು ಇವರಲ್ಲಿ ಕಡಿಮೆ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದವರೇ ಹೆಚ್ಚು. ಹಾಗಾಗಿ ಇಲ್ಲಿ ಕ್ರಮಕ್ಕೇ ಒತ್ತು. ಕಾರ್ಬುರೇಟರಿಗೆ ಕೈ ಹಾಕುವುದು ಆರನೆಯ ಹಂತದಲ್ಲಿ, ಬಿಚ್ಚುವುದು ಏಳನೆಯದರಲ್ಲಿ. ಅದಕ್ಕೂ ಮೊದಲಿನ ಐದು ಹಂತಗಳನ್ನು ಹಾರಿಸಿ ನೇರವಾಗಿ ಅಲ್ಲಿಗೆ ಹೋಗಬೇಡಿ.

ಉದಾಹರಣೆಗೆ ಇಟ್ಟುಕೊಂಡಿರುವುದು ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಎಂಬಿ ಮತ್ತು ಅದರ ಅವಳಿ ಫೋರ್ಡ್ ಜಿಪಿಡಬ್ಲ್ಯೂ. ಎರಡರಲ್ಲೂ ಇರುವುದು ಸುಮಾರು 2.2 ಲೀಟರಿನ, ನಾಲ್ಕು ಸಿಲಿಂಡರಿನ, ಪಕ್ಕದಲ್ಲಿ ವಾಲ್ವ್ ಇರುವ ಎಂಜಿನ್. ಅದರ ಮೇಲೆ ಕಾರ್ಟರ್ ಡಬ್ಲ್ಯೂಓ 539ಎಸ್ ಕಾರ್ಬುರೇಟರ್. ನಿಮ್ಮಲ್ಲಿ ಇರುವುದು 24 ವೋಲ್ಟಿನ ಎಂ38 ಆಗಿರಬಹುದು, ಜೆನಿತ್ ಕಾರ್ಬುರೇಟರಿನ ಜಿಎಂಸಿ ಟ್ರಕ್ ಆಗಿರಬಹುದು. ಅಳತೆಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

## ಬೇಕಾದ ಸಲಕರಣೆಗಳು

ಫೀಲರ್ ಗೇಜ್, ಮಲ್ಟಿಮೀಟರ್, ಸರಿಯಾದ ಅಗಲದ ಸ್ಕ್ರೂಡ್ರೈವರ್‌ಗಳು, ಇಂಚಿನ ಅಳತೆಯ ಪಾನಾಗಳು, ಕಂಪ್ರೆಷನ್ ಗೇಜ್, ಕಾರ್ಬುರೇಟರ್ ಕ್ಲೀನರ್, ನೀರು ಸಿಂಪಡಿಸುವ ಬಾಟಲಿ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆಯ ಜೆಟ್‌ಗಳ ಸೀಳು ಮೆತ್ತಗಿರುತ್ತದೆ. ಕಿರಿದಾದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಸೀಳೇ ಕಿತ್ತುಹೋಗುತ್ತದೆ. ಅಗತ್ಯವಿದ್ದರೆ ಸ್ಕ್ರೂಡ್ರೈವರಿನ ತುದಿಯನ್ನು ಸಾಣೆ ಹಿಡಿದು ಸೀಳಿಗೆ ಹೊಂದಿಸಿಕೊಳ್ಳಿ.

ಒಂದೇ ಉಪಕರಣಕ್ಕೆ ದುಡ್ಡು ಹಾಕುವುದಿದ್ದರೆ ಎಂಜಿನ್ ಗಾಳಿ ಎಳೆಯುವ ಬಲವನ್ನು ಅಳೆಯುವ ವ್ಯಾಕ್ಯೂಮ್ ಗೇಜ್‌ಗೆ ಹಾಕಿ. ಈ ಕಾಲದ ಎಂಜಿನ್ನಿಗೆ ಅದು ವೈದ್ಯರ ಸ್ಟೆತಾಸ್ಕೋಪ್ ಇದ್ದಂತೆ. ಮುಂದೆ ಮೂರು ಕಡೆ ಅದರ ಕೆಲಸವಿದೆ.

ಇನ್ನೊಂದು ಸಲಕರಣೆ ಕೈಗೆಟಕುವ ದೂರದಲ್ಲಿ ಇರಲೇಬೇಕು: ಪೆಟ್ರೋಲ್ ಬೆಂಕಿಗೆ ತಕ್ಕ ಅಗ್ನಿಶಾಮಕ. ಪಕ್ಕದಲ್ಲಿ ವಾಲ್ವ್ ಇರುವ ಈ ಎಂಜಿನ್ನಿನಲ್ಲಿ ಮಿಶ್ರಣ ಒಳಬರುವ ಇನ್‌ಟೇಕ್ ಮತ್ತು ಹೊಗೆ ಹೊರಹೋಗುವ ಎಕ್ಸಾಸ್ಟ್ ಎರಡೂ ಒಂದೇ ಬದಿಗಿವೆ, ಕಾರ್ಬುರೇಟರ್ ಕೂತಿರುವುದೂ ಅಲ್ಲೇ. ಮೇಲಿನಿಂದ ತೊಟ್ಟಿಕ್ಕಿದ ಪೆಟ್ರೋಲ್ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡ ಕೊಡಿ. ಈ ಜೀಪುಗಳ ಹ್ಯಾಂಡ್ ಬ್ರೇಕನ್ನೊಂದೇ ನಂಬುವವನು ನಾನಲ್ಲ.

## ಹಂತ 1: ಕುಣಿತ ಯಾವ ಬಗೆಯದು ಎಂದು ಕೇಳಿಸಿಕೊಳ್ಳಿ

ಎಂಜಿನ್ ಪೂರ್ತಿ ಕಾಯುವ ತನಕ ಓಡಿಸಿ. ತಣ್ಣನೆಯ ಎಂಜಿನ್ನಿನ ಐಡ್ಲಿಂಗ್ ನೋಡಿ ತೀರ್ಮಾನಕ್ಕೆ ಬರುವುದು ಬೇಡ. ಕಾರ್ಬುರೇಟರಿಗೆ ಹೋಗುವ ಗಾಳಿಯನ್ನು ತಡೆಯುವ ಚೋಕ್‌ನ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ, ಬಾನೆಟ್ ಎತ್ತಿ, ಕಾರ್ಬುರೇಟರ್ ಮೇಲಿನ ಗಾಳಿಯ ಕೊಳವೆ ಬಿಚ್ಚಿ ಚೋಕ್ ತಗಡು ನಿಜವಾಗಿಯೂ ನೆಟ್ಟಗೆ ತೆರೆದು ನಿಂತಿದೆಯೇ ಎಂದು ಕಣ್ಣಾರೆ ನೋಡಿ. ಗುಂಡಿ ಒಳಗೆ ಹೋಗಿದ್ದರೂ ಕೇಬಲ್ ಬಾಗಿ ತಗಡು ಅರ್ಧಕ್ಕೆ ನಿಂತಿರುವುದು ಸಾಮಾನ್ಯ. ಹಾಗೆಯೇ ಡ್ಯಾಶ್‌ಬೋರ್ಡಿನಲ್ಲಿರುವ, ಎಂಜಿನ್ ವೇಗ ಏರಿಸುವ ಕೈ ಥ್ರಾಟಲ್ ಕೂಡ ಪೂರ್ತಿ ಒಳಗಿರಲಿ. ಅದರ ತಂತಿ ಕಾರ್ಬುರೇಟರನ್ನು ಕೂದಲೆಳೆಯಷ್ಟು ಎಳೆದು ಹಿಡಿದಿದ್ದರೂ ಮುಂದಿನ ಹೊಂದಾಣಿಕೆಯೆಲ್ಲ ನೀರಿನಲ್ಲಿ ಹೋಮ.

ಈಗ ಸೈಲೆನ್ಸರ್ ಬಾಯಿಯ ಬಳಿ ಕಿವಿ ಕೊಡಿ. ಲಯಬದ್ಧವಾಗಿ, ಎಣಿಸಬಹುದಾದಂತೆ ಮಿಸ್ ಹೊಡೆಯುತ್ತಿದ್ದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದು ಬಹುತೇಕ ಪ್ಲಗ್, ವೈರು ಅಥವಾ ವಾಲ್ವಿನ ತೊಂದರೆ. ಎಂಜಿನ್ ಏರಿ ಇಳಿದು, ಏರಿ ಇಳಿದು, ಉಯ್ಯಾಲೆಯಂತೆ ತೂಗುತ್ತಿದ್ದರೆ ಮಿಶ್ರಣದಲ್ಲಿ ದೋಷ. ಕಪ್ಪು ಹೊಗೆ, ಕಣ್ಣುರಿಸುವ ಪೆಟ್ರೋಲ್ ವಾಸನೆ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಕಾರ್ಬುರೇಟರ್ ಬಾಯಿಯಿಂದ ಟುಪ್ ಟುಪ್ ಎಂದು ಹಿಂದಕ್ಕೆ ಒಡೆಯುತ್ತಿದ್ದು, ಚೋಕ್ ಸ್ವಲ್ಪ ಎಳೆದಾಗ ಸುಧಾರಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಈ ಚೋಕ್ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ, ಆದರೂ ಮಾಡುವವರು ಕಡಿಮೆ.

ಕಂಡದ್ದನ್ನು ಒಂದು ಕಾಗದದಲ್ಲಿ ಬರೆದಿಡಿ. ಇಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಪಾಯಿಂಟ್, ಸ್ಕ್ರೂ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದು ಬ್ರಹ್ಮನಿಗೂ ತಿಳಿಯುವುದಿಲ್ಲ.

## ಹಂತ 2: ಕಿಡಿ ಮೊದಲು, ಪೆಟ್ರೋಲ್ ಆಮೇಲೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಮಾತು ಈ ಹಂತವನ್ನು ಹಾರಿಸುವವರಿಗೇ ಹೇಳಿದ್ದು. ಸೋತ ಕಿಡಿಯೂ ಕೆಟ್ಟ ಮಿಶ್ರಣವೂ ಹೊರಗೆ ಒಂದೇ ರೀತಿ ಕಾಣುತ್ತವೆ, ಬೈಗುಳ ತಿನ್ನುವುದು ಮಾತ್ರ ಕಾರ್ಬುರೇಟರ್.

ಎಂಬಿ ಜೀಪಿನ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ತುಕ್ಕು ಹಿಡಿದ ಟರ್ಮಿನಲ್ಲಿನಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ 12 ವೋಲ್ಟಿನ ಕಾರು ಸಹಿಸಿಕೊಳ್ಳುತ್ತದೆ, ಇದು ಸಹಿಸುವುದಿಲ್ಲ. ಬ್ಯಾಟರಿ ತಂತಿ, ಎಂಜಿನ್ ಮತ್ತು ಚಾಸಿಯ ನಡುವಿನ ಅರ್ಥ್ ಪಟ್ಟಿ, ಇಗ್ನಿಷನ್ ಸ್ವಿಚ್ಚಿನ ಸಂಪರ್ಕ, ಇಷ್ಟನ್ನು ಉಜ್ಜಿ ಹೊಳಪು ಬರಿಸಿ ಬಿಗಿ ಮಾಡಿ. ಎಂಜಿನ್ ಓಡುವಾಗ ಕಾಯಿಲಿಗೆ ಎಷ್ಟು ವೋಲ್ಟ್ ತಲುಪುತ್ತಿದೆ ಎಂದು ಅಳೆಯಿರಿ. ಅದು ಬ್ಯಾಟರಿಯ ವೋಲ್ಟೇಜಿಗೆ ಹತ್ತಿರವಾಗಿರಬೇಕು.

ನಂತರ ಪಾಯಿಂಟ್, ಎಂದರೆ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ. ಅಂತರ 0.020 ಇಂಚು, ಎಂದರೆ ಸುಮಾರು 0.5 ಮಿ.ಮೀ. ಅಂತರ ಹೊಂದಿಸುವ ಮುನ್ನ ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ. ಬುಷ್ ಸವೆದು ಶಾಫ್ಟ್ ಓಲಾಡುತ್ತಿದ್ದರೆ ಪಾಯಿಂಟ್ ಅಂತರ ಪ್ರತಿ ಸುತ್ತಿನಲ್ಲೂ ಬದಲಾಗುತ್ತದೆ. ಅಂಥ ಎಂಜಿನ್ನಿಗೆ ನೀವು ಏನು ಮಾಡಿದರೂ ಐಡ್ಲಿಂಗ್ ಸ್ಥಿರವಾಗುವುದಿಲ್ಲ. ಪ್ಲಗ್ ಅಂತರ 0.030 ಇಂಚು, ಅಂದರೆ 0.76 ಮಿ.ಮೀ. ಹೊತ್ತಿಕೊಳ್ಳುವ ಕ್ರಮ 1-3-4-2. ವೈರುಗಳು ಆ ಕ್ರಮದಲ್ಲೇ ಇವೆಯೇ ಎಂದು ಕ್ಯಾಪಿನಿಂದ ಪ್ಲಗ್ಗಿನವರೆಗೆ ಬೆರಳಾಡಿಸಿ ನೋಡಿ. ಟೈಮಿಂಗ್, ಎಂದರೆ ಕಿಡಿ ಹಾರುವ ಹೊತ್ತು, ಪಿಸ್ಟನ್ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ.

ಸೇನಾ ಗಾಡಿಗಳಿಗೆ ಮಾತ್ರ ಇರುವ ಒಂದು ಮಗ್ಗುಲ ಮುಳ್ಳು ಇದೆ. ರೇಡಿಯೋದಲ್ಲಿ ಗೊರಗೊರ ಸದ್ದು ಬಾರದಿರಲೆಂದು ಈ ಗಾಡಿಗಳ ಪ್ಲಗ್ ವೈರುಗಳಿಗೆ ಸಪ್ರೆಸರ್ ಎಂಬ ಸಣ್ಣ ತಡೆ ಹಾಕಿರುತ್ತಿದ್ದರು. ಬಾನೆಟ್ ಮೇಲಿನ ಸಂಖ್ಯೆಯ ಕೊನೆಗೆ ಬರೆದಿರುವ ‘ಎಸ್’ ಅಕ್ಷರ ಅದರದೇ ಗುರುತು. ಅಷ್ಟು ಹಳೆಯ ಸಪ್ರೆಸರಿನೊಳಗಿನ ಇಂಗಾಲದ ತುಂಡು ಬಿರುಕು ಬಿಟ್ಟು ತಡೆ ವಿಪರೀತ ಹೆಚ್ಚಿರುತ್ತದೆ. ಅದರ ಜೊತೆಗೆ ರೆಸಿಸ್ಟರ್ ಬಗೆಯ ಹೊಸ ಪ್ಲಗ್ ಹಾಕಿದರೆ ತಡೆಯ ಮೇಲೆ ತಡೆ. ವೇಗವಾಗಿ ಓಡುವಾಗ ಹೇಗೋ ನಡೆದುಹೋಗುತ್ತದೆ, ಐಡ್ಲಿಂಗ್‌ನಲ್ಲಿ ಕಿಡಿ ತಪ್ಪುತ್ತದೆ. ಪರೀಕ್ಷೆಗಾಗಿ ಸಪ್ರೆಸರ್‌ಗಳನ್ನು ತೆಗೆದು ಸಾಮಾನ್ಯ ತಾಮ್ರದ ವೈರು ಹಾಕಿ ಓಡಿಸಿ. ಕುಣಿತ ಕಡಿಮೆಯಾದರೆ ಕಳ್ಳ ಸಿಕ್ಕ.

## ಹಂತ 3: ಎಂಜಿನ್ನಿನ ಆರೋಗ್ಯ

ವ್ಯಾಕ್ಯೂಮ್ ಗೇಜನ್ನು ಸಿಲಿಂಡರ್‌ಗಳಿಗೆ ಮಿಶ್ರಣ ಹಂಚುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಜೋಡಿಸಿ. ಆರೋಗ್ಯವಂತ ಎಂಜಿನ್ ಸಮುದ್ರಮಟ್ಟದಲ್ಲಿ ಪಾದರಸದ 17ರಿಂದ 21 ಇಂಚಿನ ನಡುವೆ ಎಲ್ಲೋ ಒಂದು ಕಡೆ ಮುಳ್ಳನ್ನು ಅಲುಗದಂತೆ ನಿಲ್ಲಿಸುತ್ತದೆ. ಎತ್ತರದ ಪ್ರದೇಶದಲ್ಲಿ ಪ್ರತಿ 1,000 ಅಡಿಗೆ ಸುಮಾರು 1 ಇಂಚು ಕಳೆಯಬೇಕು. ಇದನ್ನು ಮರೆತು, ಬೆಟ್ಟದ ಮೇಲೆ ನಿಂತು ಎಂಜಿನ್ ಸತ್ತಿದೆ ಎಂದುಕೊಂಡವರಿದ್ದಾರೆ.

ಮುಳ್ಳು ಸ್ಥಿರವಾಗಿದ್ದು ಕೆಳಗಿದ್ದರೆ ಟೈಮಿಂಗ್ ಹಿಂದಿದೆ ಅಥವಾ ಗಾಳಿ ಸೋರುತ್ತಿದೆ. ನಿಗದಿತ ಲಯದಲ್ಲಿ ಮುಳ್ಳು ಚಿಮ್ಮಿ ಬೀಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ನಿಧಾನವಾಗಿ ಮೇಲೆ ಕೆಳಗೆ ತೇಲುತ್ತಿದ್ದರೆ ಮಿಶ್ರಣ ಸರಿಯಿಲ್ಲ. ಕಾರ್ಬುರೇಟರ್ ಕಡೆಗೆ ಹೆಜ್ಜೆ ಇಡಲು ನನಗೆ ಧೈರ್ಯ ಕೊಡುವುದು ಈ ಮೂರನೆಯ ನಡೆ.

ಚಿಮ್ಮುವ ಮುಳ್ಳು ಕಂಡರೆ ಕಂಪ್ರೆಷನ್, ಎಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿ. ಸಿಲಿಂಡರ್‌ಗಳ ನಡುವೆ 10 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಐಡ್ಲಿಂಗ್ ಹದವಾಗುವುದು ಕಷ್ಟ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಒಂದೇ ಕಡಿಮೆಯಿದ್ದರೆ ವಾಲ್ವ್ ಅಂತರ ನೋಡಿ. ಯುದ್ಧಕಾಲದ ಈ ಎಂಜಿನ್ನಿಗೆ ತಣ್ಣಗಿರುವಾಗ 0.014 ಇಂಚು. ನಂತರದ ನಾಗರಿಕ ಮಾದರಿಗಳ ಅಂಕಿ ಬೇರೆ, ಎರಡನ್ನೂ ಕಲಸಬೇಡಿ.

## ಹಂತ 4: ಕಳ್ಳಗಾಳಿಯ ಬೇಟೆ

ಈ ಹಂತಕ್ಕೆ ಒಂದು ಪೂರ್ತಿ ಮಧ್ಯಾಹ್ನ ಎತ್ತಿಡಿ. ಐಡ್ಲಿಂಗ್‌ನಲ್ಲಿ ಥ್ರಾಟಲ್ ತಗಡು ಬಹುತೇಕ ಮುಚ್ಚಿರುತ್ತದೆ, ಎಂಜಿನ್ ಎಳೆದುಕೊಳ್ಳುವ ಗಾಳಿ ಬಹಳ ಕಡಿಮೆ. ಅಂಥ ಹೊತ್ತಿನಲ್ಲಿ ಸೂಜಿಮೊನೆಯಷ್ಟು ತೂತೂ ಮಿಶ್ರಣವನ್ನು ಕೆಡಿಸುತ್ತದೆ. ವೇಗ ಹೆಚ್ಚಿದಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ‘ಓಡುವಾಗ ಚೆನ್ನಾಗಿದೆ, ನಿಂತಾಗ ಮಾತ್ರ ಹೀಗೆ’ ಎನ್ನುವ ದೂರಿನ ಹಿಂದಿರುವ ಮರ್ಮ ಇದು.

ಮೊದಲು ಕ್ರ್ಯಾಂಕ್‌ಕೇಸ್ ವೆಂಟಿಲೇಷನ್ ವಾಲ್ವ್. ಎಂಜಿನ್ನಿನ ಹೊಟ್ಟೆಯ ಹೊಗೆಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆದುಕೊಳ್ಳಲು ಈ ಜೀಪಿನಲ್ಲಿ ಒಂದು ಸಣ್ಣ ವಾಲ್ವ್ ಇದೆ. ಐಡ್ಲಿಂಗ್‌ನಲ್ಲಿ ಅದು ಬಹುಮಟ್ಟಿಗೆ ಮುಚ್ಚಿಕೊಂಡಿರಬೇಕು. ಎಣ್ಣೆಯ ಜಿಡ್ಡು ಹಿಡಿದು ತೆರೆದೇ ಉಳಿದರೆ ಮ್ಯಾನಿಫೋಲ್ಡಿಗೆ ಕಿಟಕಿ ಕೊರೆದಂತೆ. ನನ್ನ ಮೊದಲ ಜೀಪಿನಲ್ಲಿ ಎರಡು ವಾರ ಕಾರ್ಬುರೇಟರ್ ಬಿಚ್ಚಿ ಜೋಡಿಸಿ, ಕೊನೆಗೆ ಬೇಸತ್ತು ಈ ವಾಲ್ವಿನ ಕೊಳವೆ ಬಿಚ್ಚಿ ಮ್ಯಾನಿಫೋಲ್ಡಿನ ಬಾಯಿಗೆ ಹೆಬ್ಬೆರಳು ಒತ್ತಿದೆ. ಅದುವರೆಗೆ ಬಾನೆಟ್ ಕೊಂಡಿಯನ್ನು ಗಲಗಲ ಎನ್ನಿಸುತ್ತಿದ್ದ ಎಂಜಿನ್ ಎರಡೇ ಕ್ಷಣದಲ್ಲಿ ಹೊಲಿಗೆ ಯಂತ್ರದಂತೆ ಓಡತೊಡಗಿತು. ಹೆಬ್ಬೆರಳಿನಲ್ಲಿ ದುಂಡನೆಯ ಕೆಂಪು ಗುರುತು ಬಿದ್ದಿತ್ತು, ಮುಖದಲ್ಲಿ ಪೆಚ್ಚುತನ. ನೀವು ಮೊದಲ ದಿನವೇ ಹೀಗೆ ಒತ್ತಿ ನೋಡಿ. ಎಂಜಿನ್ ಸುಧಾರಿಸಿದರೆ ವಾಲ್ವನ್ನು ಬಿಚ್ಚಿ, ದ್ರಾವಕದಲ್ಲಿ ನೆನೆಸಿ, ಒಳಗಿನ ಬಿಡಿಭಾಗ ಸಲೀಸಾಗಿ ಜಾರುವಂತೆ ಮಾಡಿ ಮತ್ತೆ ಹಾಕಿ. ಶಾಶ್ವತವಾಗಿ ಮುಚ್ಚಿಬಿಡಬೇಡಿ, ಎಣ್ಣೆ ಬೇಗ ಹಾಳಾಗುತ್ತದೆ.

ಎರಡನೆಯದು, ಯಾರಾದರೂ ನಂತರ ಜೋಡಿಸಿದ ವ್ಯಾಕ್ಯೂಮ್ ವೈಪರಿನ ರಬ್ಬರ್ ಕೊಳವೆ. ಅದನ್ನೂ ಮ್ಯಾನಿಫೋಲ್ಡಿನ ಬಳಿಯೇ ಮುಚ್ಚಿ ನೋಡಿ.

ಮೂರನೆಯದು ಗ್ಯಾಸ್ಕೆಟ್‌ಗಳು: ಮ್ಯಾನಿಫೋಲ್ಡ್ ಮತ್ತು ಬ್ಲಾಕ್ ನಡುವೆ ಒಂದು ಕಡೆ, ಕಾರ್ಬುರೇಟರ್ ಬುಡದಲ್ಲಿ ಇನ್ನೊಂದು ಕಡೆ. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಎಂಜಿನ್ ಸದ್ದು ಬದಲಾಗುವುದನ್ನು ನೋಡುವ ಪದ್ಧತಿ ಎಲ್ಲ ಕಡೆ ಇದೆ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಅದೇ ಬದಿಗಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ನೀರಿನ ಸಣ್ಣ ತುಂತುರು ಸಾಕು. ಸೋರುವ ಜಾಗಕ್ಕೆ ನೀರು ಬಿದ್ದ ಕ್ಷಣ ಸದ್ದು ಒಂದು ಗಳಿಗೆ ಬದಲಾಗುತ್ತದೆ, ವ್ಯಾಕ್ಯೂಮ್ ಮುಳ್ಳು ತುಸು ಏರುತ್ತದೆ. ಎಕ್ಸಾಸ್ಟ್ ಹೆಚ್ಚು ಕಾಯುವ ಮುನ್ನವೇ ಇದನ್ನು ಮುಗಿಸಿ. ಬಿಸಿ ಎರಕದ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ನಾಲ್ಕನೆಯದು ಥ್ರಾಟಲ್ ಶಾಫ್ಟ್. ಕಾರ್ಬುರೇಟರ್ ಬುಡದಲ್ಲಿ ಅಡ್ಡಲಾಗಿ ಹೋಗುವ ಈ ಕಡ್ಡಿಯ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಎಂದು ಆಡಿದರೆ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದೆ. ಅಲ್ಲಿಗೆ ಒಂದು ತೊಟ್ಟು ಎಂಜಿನ್ ಎಣ್ಣೆ ಬಿಡಿ. ಎಣ್ಣೆ ತುಸು ಹೊತ್ತು ಗಾಳಿಯನ್ನು ತಡೆಯುವುದರಿಂದ ಐಡ್ಲಿಂಗ್ ಬದಲಾದರೆ ದೋಷ ಖಚಿತ. ಯಾವ ರಿಪೇರಿ ಕಿಟ್ಟೂ ಇದನ್ನು ಸರಿಪಡಿಸುವುದಿಲ್ಲ. ಬುಡವನ್ನು ಲೇತ್ ಇರುವವರ ಕೈಗೆ ಕೊಟ್ಟು ಹೊಸ ಬುಷ್ ಹಾಕಿಸಬೇಕು.

## ಹಂತ 5: ಪೆಟ್ರೋಲ್ ಬರುವ ದಾರಿ

ಟ್ಯಾಂಕ್ ಇರುವುದು ಚಾಲಕನ ಆಸನದ ಕೆಳಗೆ. ಗಾಡಿ ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗಿದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಉಸ್ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿದಾರಿ ಕಟ್ಟಿದೆ.

ಫಿಲ್ಟರಿನ ತಳದಲ್ಲಿ ನೀರು, ಕೆಂಪು ತುಕ್ಕಿನ ಪುಡಿ ಇದೆಯೇ ನೋಡಿ. ತುಕ್ಕು ಕಂಡರೆ ಮೊದಲು ಟ್ಯಾಂಕ್ ತೊಳೆಯಿರಿ, ಇಲ್ಲದಿದ್ದರೆ ಇಂದು ತೊಳೆದ ಜೆಟ್ ನಾಳೆ ಮತ್ತೆ ಕಟ್ಟುತ್ತದೆ. ಪಂಪಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕದೆಯೇ ಗಾಳಿಯನ್ನು ಒಳಗೆಳೆಯಬಹುದು. ಎಥನಾಲ್ ಬೆರೆಸಿದ ಇಂದಿನ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಎಥನಾಲ್ ತಡೆಯುವ ಕೊಳವೆಯನ್ನೇ ಹಾಕಿ.

ಏರ್ ಕ್ಲೀನರನ್ನೂ ಮರೆಯಬೇಡಿ. ಅದು ಎಣ್ಣೆ ತುಂಬಿದ ಬಗೆಯದು. ಗೆರೆಗಿಂತ ಮೇಲೆ ಎಣ್ಣೆ ಸುರಿದರೆ ಗಾಳಿಯ ದಾರಿ ಕಟ್ಟಿ ಪೆಟ್ರೋಲ್ ಹೆಚ್ಚಾದ ಲಕ್ಷಣಗಳೆಲ್ಲ ಕಾಣುತ್ತವೆ.

## ಹಂತ 6: ಈಗ ಕಾರ್ಬುರೇಟರ್. ಮೊದಲು ಹೊರಗಿನಿಂದ

ಎರಡು ಸ್ಕ್ರೂಗಳನ್ನು ಗುರುತಿಸಿಕೊಳ್ಳಿ. ಥ್ರಾಟಲ್ ತೋಳಿಗೆ ತಾಗಿ ತಗಡನ್ನು ಎಷ್ಟು ತೆರೆದಿಡಬೇಕು ಎಂದು ನಿರ್ಧರಿಸುವುದು ವೇಗದ ಸ್ಕ್ರೂ. ಬುಡದಲ್ಲಿ ಸ್ಪ್ರಿಂಗ್ ಸಮೇತ ಇರುವ, ಚೂಪು ಮೊನೆಯದು ಮಿಶ್ರಣದ ಸ್ಕ್ರೂ. ಕಾರ್ಟರ್ ಡಬ್ಲ್ಯೂಓದಲ್ಲಿ ಇದನ್ನು ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು.

ಎಂಜಿನ್ ಓಡುವಾಗ ಮಿಶ್ರಣದ ಸ್ಕ್ರೂವನ್ನು ನಿಧಾನವಾಗಿ ಪೂರ್ತಿ ಒಳಗೆ ತಿರುಗಿಸಿ. ಎಂಜಿನ್ ತಡವರಿಸಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಎಂಜಿನ್ನಿಗೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ ಎಂದರ್ಥ. ಒಂದೋ ವೇಗದ ಸ್ಕ್ರೂವನ್ನು ವಿಪರೀತ ಒಳಗೆ ತಿರುಗಿಸಿ ತಗಡನ್ನು ಐಡಲ್ ರಂಧ್ರದಾಚೆಗೆ ತೆರೆದಿದ್ದಾರೆ, ಇಲ್ಲವೇ ಪೆಟ್ರೋಲಿನ ಮಟ್ಟ ಕಾಯುವ ತೇಲುಬುರುಡೆ, ಎಂದರೆ ಫ್ಲೋಟ್, ಇರುವ ಕೋಣೆಯಲ್ಲಿ ಮಟ್ಟ ಏರಿ ಮುಖ್ಯ ನಳಿಕೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಸ್ಕ್ರೂವನ್ನು ಎಷ್ಟು ಹೊರಗೆ ತಿರುಗಿಸಿದರೂ ಸುಧಾರಣೆ ಇಲ್ಲ, ಚೋಕ್ ಎಳೆದರೆ ಮಾತ್ರ ಓಡುತ್ತದೆ ಎಂದಾದರೆ ಐಡಲ್ ದಾರಿ ಕಟ್ಟಿದೆ. ಕಾರ್ಬುರೇಟರ್ ಬಿಚ್ಚಲು ನಾನು ಒಪ್ಪುವ ಕಾರಣಗಳು ಈ ಎರಡೇ.

ನಳಿಕೆ ತೊಟ್ಟಿಕ್ಕುವುದನ್ನು ನೋಡಲು ಎಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದು ಗಂಟಲಿನೊಳಗೆ ಇಣುಕಿ. ಓಡುವ ಎಂಜಿನ್ನಿನ ಕಾರ್ಬುರೇಟರ್ ಬಾಯಿಗೆ ಮುಖ ಒಡ್ಡಬೇಡಿ. ಹಿಂದಕ್ಕೆ ಒಡೆದರೆ ಮೊದಲು ಹೋಗುವುದು ಹುಬ್ಬು.

## ಹಂತ 7: ಬಿಚ್ಚಿ ತೊಳೆಯುವುದು

ಎಂಜಿನ್ ತಣ್ಣಗಿರಲಿ, ಬ್ಯಾಟರಿ ತಂತಿ ಕಳಚಿರಲಿ. ಬಿಚ್ಚುವ ಮೊದಲು ಎಲ್ಲ ಕಡೆಯಿಂದಲೂ ಫೋಟೋ ತೆಗೆಯಿರಿ. ಮಿಶ್ರಣದ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಎಂದು ಬರೆದುಕೊಳ್ಳಿ. ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಕೆಲಸ ಮಾಡಿ. ಪಂಪಿನ ದಾರಿಯಲ್ಲಿರುವ ಸಣ್ಣ ಉಕ್ಕಿನ ಗುಂಡು ಉರುಳಿ ಹೋದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಗಮನವೆಲ್ಲ ಒಂದೇ ವಸ್ತುವಿನ ಮೇಲೆ ಇರಬೇಕು: ಲೋ ಸ್ಪೀಡ್ ಜೆಟ್. ತೆಳ್ಳನೆಯ ಹಿತ್ತಾಳೆ ಕೊಳವೆ, ಕೆಳತುದಿಯಲ್ಲಿ ಅಳತೆ ಮಾಡಿ ಕೊರೆದ ಒಂದು ತೂತು. ಐಡ್ಲಿಂಗ್‌ಗೆ ಬೇಕಾದ ಪೆಟ್ರೋಲೆಲ್ಲ ಇದೊಂದೇ ತೂತಿನಿಂದ ಏರಬೇಕು. ಇಡೀ ಕಾರ್ಬುರೇಟರಿನಲ್ಲಿ ಮೊದಲು ಕಟ್ಟುವುದೂ ಇದೇ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ದುಂಡನೆಯ, ಅಂಚು ಚೊಕ್ಕಟವಾಗಿರುವ ಬೆಳಕಿನ ಚುಕ್ಕೆ ಕಾಣಬೇಕು. ಮಸುಕಾದ, ಅರ್ಧಚಂದ್ರದಂಥ ಚುಕ್ಕೆ ಕಂಡರೆ ಒಣಗಿದ ಪೆಟ್ರೋಲಿನ ಮೇಣ ಕಟ್ಟಿದೆ. ದ್ರಾವಕದಲ್ಲಿ ರಾತ್ರಿಯಿಡೀ ನೆನೆಸಿ, ವಿದ್ಯುತ್ ವೈರಿನಿಂದ ಬಿಡಿಸಿದ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಉಕ್ಕಿನ ಸೂಜಿ ಅಥವಾ ಡ್ರಿಲ್ ತುದಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಹೊಸ ಜೆಟ್ ಹುಡುಕುವುದೊಂದೇ ದಾರಿ.

ಜೆಟ್ ಸ್ವಚ್ಛವಾದರೆ ದಾರಿ ಸ್ವಚ್ಛವಾದಂತಲ್ಲ. ಜೆಟ್ಟಿನಿಂದ ಏರಿದ ಪೆಟ್ರೋಲ್ ಗಾಳಿಯೊಂದಿಗೆ ಬೆರೆತು, ಎರಕದೊಳಗಿನ ಸಪೂರ ಸುರಂಗದಲ್ಲಿ ಇಳಿದು, ಥ್ರಾಟಲ್ ತಗಡಿನ ಬಳಿ ಎರಡು ಬಾಯಿಗಳಲ್ಲಿ ಹೊರಬೀಳುತ್ತದೆ. ಒಂದು ತಗಡಿನ ಅಂಚಿಗಿರುವ ಐಡಲ್ ರಂಧ್ರ, ಇನ್ನೊಂದು ಮಿಶ್ರಣದ ಸ್ಕ್ರೂ ಕಾಯುವ ರಂಧ್ರ. ಜೆಟ್ ಕೂರುವ ಜಾಗದಿಂದ ಕ್ಲೀನರ್ ಹಾಯಿಸಿ. ಎರಡೂ ಬಾಯಿಗಳಿಂದ ನೆಟ್ಟಗೆ ಚಿಮ್ಮಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಂಡಿರಿ, ಅದು ಯಾವ ದಿಕ್ಕಿಗೆ ಹಾರುತ್ತದೆಂದು ಹೇಳಲಾಗದು. ಒಂದು ಬಾಯಿಂದ ಮಾತ್ರ ಬಂದರೆ ಇನ್ನೊಂದನ್ನು ಬೆರಳಿನಿಂದ ಮುಚ್ಚಿ ಮತ್ತೆ ಹಾಯಿಸಿ. ಬಳಿಕ ಒತ್ತಡದ ಗಾಳಿ ಕೊಡಿ. ಫ್ಲೋಟ್ ಜೋಡಿಸಿರುವಾಗ ಮಾತ್ರ ಒತ್ತಡದ ಗಾಳಿ ಬೇಡ, ಹಿತ್ತಾಳೆಯ ಫ್ಲೋಟ್ ಚಪ್ಪಟೆಯಾಗಬಹುದು.

ಮಿಶ್ರಣದ ಸ್ಕ್ರೂವಿನ ಮೊನೆಯನ್ನು ಉಗುರಿನಿಂದ ಸವರಿ. ಸುತ್ತ ಉಂಗುರದಂತೆ ತಗ್ಗು ಸಿಕ್ಕರೆ ಯಾರೋ ಬಿಗಿಯಾಗಿ ತಿರುಗಿಸಿ ಕೂರಿಸಿದ್ದಾರೆ. ಅಂಥ ಮೊನೆಯಿಂದ ಮಿಶ್ರಣ ಹದಕ್ಕೆ ಬರುವುದಿಲ್ಲ, ಬದಲಿಸಿ.

ಬುಡದ ಚಾಚಿದ ಅಂಚು ಸಮತಟ್ಟಾಗಿದೆಯೇ ಎಂದು ಗಾಜಿನ ಹಲಗೆಯ ಮೇಲಿಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ನಟ್ಟುಗಳನ್ನು ಅತಿಯಾಗಿ ಬಿಗಿದ ಕಾರ್ಬುರೇಟರ್‌ಗಳ ಕಿವಿಗಳು ಬಾಗಿರುತ್ತವೆ. ಗಾಜಿನ ಮೇಲೆ ನುಣುಪು ಎಮರಿ ಕಾಗದ ಹಾಸಿ ಎಂಟರ ಆಕಾರದಲ್ಲಿ ಉಜ್ಜಿದರೆ ಸಣ್ಣ ಬಾಗು ಹೋಗುತ್ತದೆ. ಥ್ರಾಟಲ್ ತಗಡನ್ನು ಅಗತ್ಯವಿಲ್ಲದೆ ಬಿಚ್ಚಬೇಡಿ. ಬಿಚ್ಚಿದರೆ ಹಿಂದೆ ಇದ್ದ ದಿಕ್ಕಿನಲ್ಲೇ ಕೂರಿಸಿ, ಸ್ಕ್ರೂ ತುದಿಗಳನ್ನು ತಟ್ಟಿ ಅಗಲಿಸಿ. ಅಲ್ಲಿಂದ ಕಳಚಿದ ಸ್ಕ್ರೂ ನೇರ ಸಿಲಿಂಡರಿಗೇ ಹೋಗುತ್ತದೆ.

## ಹಂತ 8: ಫ್ಲೋಟ್ ಮಟ್ಟ

ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ತೂತಾಗಿದೆ. ಸದ್ದು ಬಾರದಿದ್ದರೂ ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದೇ ನೋಡಿ. ಒಳಗೆ ಪೆಟ್ರೋಲ್ ಇರುವ ಫ್ಲೋಟಿಗೆ ಬೆಸುಗೆ ಕಡ್ಡಿ ತಾಗಿಸುವುದು ಪಟಾಕಿಗೆ ಬತ್ತಿ ಹಚ್ಚಿದಂತೆ. ಹೊಸದು ಹಾಕಿ.

ಅಳತೆ ಹೀಗೆ: ಕೋಣೆಯ ಮುಚ್ಚಳದ ಗ್ಯಾಸ್ಕೆಟ್ ತೆಗೆದು, ಮುಚ್ಚಳವನ್ನು ತಲೆಕೆಳಗಾಗಿ ಹಿಡಿಯಿರಿ. ಫ್ಲೋಟ್ ತನ್ನ ಭಾರದಿಂದ, ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವ ನೀಡಲ್ ಮೇಲೆ ಕೂತಿರುವಾಗ ಮುಚ್ಚಳಕ್ಕೂ ಫ್ಲೋಟಿಗೂ ನಡುವಿನ ಅಂತರ 3/8 ಇಂಚು, ಅಂದರೆ 9.5 ಮಿ.ಮೀ. ಇರಬೇಕು. ಅಷ್ಟೇ ದಪ್ಪದ ಡ್ರಿಲ್ ಬಿಟ್ಟನ್ನು ಅಡ್ಡ ಇಟ್ಟು ನೋಡುವುದು ಸುಲಭ. ವ್ಯತ್ಯಾಸವಿದ್ದರೆ ನೀಡಲಿಗೆ ತಾಗುವ ಸಣ್ಣ ನಾಲಿಗೆಯನ್ನು ಮಾತ್ರ ಬಗ್ಗಿಸಿ. ಫ್ಲೋಟನ್ನು ನೀಡಲ್ ಮೇಲೆ ಒತ್ತಿ ಹಿಡಿದು ಬಗ್ಗಿಸಿದರೆ ನೀಡಲಿನ ಮೊನೆ ಕೆಡುತ್ತದೆ, ಮತ್ತೆ ಸೋರಿಕೆ.

ಕಿಟ್ಟಿನಲ್ಲಿ ಬಂದ ಹೊಸ ನೀಡಲ್ ಮತ್ತು ಸೀಟು ಹಾಕಿದ ಮೇಲೆ ಅಳತೆ ಹಳೆಯದರಂತೆಯೇ ಇರುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಹೊಸ ಕಿಟ್ ಹಾಕಿದ ಮೇಲೆ ಐಡ್ಲಿಂಗ್ ಇನ್ನಷ್ಟು ಕೆಟ್ಟಿತು ಎಂದು ನನ್ನ ಬಳಿ ತಂದ ಕಾರ್ಬುರೇಟರ್‌ಗಳಲ್ಲಿ ಮೊದಲು ನಾನು ನೋಡುವುದೇ ಇದನ್ನು.

ಆಕ್ಸಿಲರೇಟರ್ ಪಂಪಿನ ಚರ್ಮದ ಬಿಲ್ಲೆ ಐಡ್ಲಿಂಗ್‌ಗೆ ಸಂಬಂಧಿಸಿದ್ದಲ್ಲ. ಹೇಗೂ ಬಿಚ್ಚಿದ್ದೀರಿ, ಒಣಗಿದ್ದರೆ ಎಣ್ಣೆಯಲ್ಲಿ ನೆನೆಸಿ ಹಾಕಿ.

## ಹಂತ 9: ಕೊನೆಯ ಹೊಂದಾಣಿಕೆ

ಮಿಶ್ರಣದ ಸ್ಕ್ರೂವನ್ನು ಬೆರಳ ತುದಿಯಿಂದ ಮೆಲ್ಲಗೆ ತಳ ಮುಟ್ಟಿಸಿ, ಒಂದರಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಶುರು ಮಾಡಿ, ನೀರಿನ ಬಿಸಿ 70ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಬರುವ ತನಕ ಓಡಿಸಿ. ವೇಗದ ಸ್ಕ್ರೂವಿನಿಂದ ಸುಮಾರು 600 ಆರ್‌ಪಿಎಂಗೆ ತನ್ನಿ.

ಈಗ ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ, ಹತ್ತಕ್ಕೆ ಎಣಿಸಿ. ಮತ್ತೆ ಕಾಲು ಸುತ್ತು, ಮತ್ತೆ ಎಣಿಕೆ. ಎಂಜಿನ್ ತಡವರಿಸಲು ತೊಡಗಿದ ಜಾಗ ಗುರುತಿಟ್ಟುಕೊಂಡು ಹೊರಗೆ ತಿರುಗಿಸುತ್ತ ಬನ್ನಿ, ಎಂಜಿನ್ ಭಾರವಾಗಿ ಹೊರಳಾಡಲು ತೊಡಗುವ ತನಕ. ಇವೆರಡರ ನಡುವೆ ವ್ಯಾಕ್ಯೂಮ್ ಮುಳ್ಳು ಅತಿ ಎತ್ತರದಲ್ಲಿ ಅಲುಗದೆ ನಿಲ್ಲುವ ಒಂದು ಜಾಗವಿದೆ. ಸ್ಕ್ರೂ ಅಲ್ಲಿರಲಿ. ಮಿಶ್ರಣ ಸರಿಯಾದಾಗ ವೇಗ ಏರಿರುತ್ತದೆ, ವೇಗದ ಸ್ಕ್ರೂವಿನಿಂದ ಮತ್ತೆ 600ಕ್ಕೆ ಇಳಿಸಿ. ಇಳಿಸಿದ ಮೇಲೆ ಮಿಶ್ರಣ ಮತ್ತೊಮ್ಮೆ ನೋಡಿ. ಎರಡು ಮೂರು ಸಲ ಹೀಗೆ ಹೋಗಿ ಬರಬೇಕು.

ಎಣಿಸದೆ ಸರಸರ ತಿರುಗಿಸುವವರು ಈ ಹದವನ್ನು ಪ್ರತಿ ಸಲವೂ ದಾಟಿಹೋಗುತ್ತಾರೆ. ವೇಗದ ಸ್ಕ್ರೂ ಬಿಗಿದು 900ಕ್ಕೆ ಏರಿಸಿ ‘ಕುಣಿತ ನಿಂತಿತು’ ಎನ್ನುವವರದು ಇನ್ನೊಂದು ಬಗೆ. ಅವರು ಕಾಯಿಲೆಗೆ ಕಂಬಳಿ ಹೊದಿಸಿದ್ದಾರೆ, ಅಷ್ಟೇ.

## ಕೆಲಸ ಅಲ್ಲೇ ನಿಲ್ಲಿಸಬೇಕಾದ ಲಕ್ಷಣಗಳು

ಎಣ್ಣೆಯ ಕಡ್ಡಿ ಎಳೆದಾಗ ಪೆಟ್ರೋಲ್ ವಾಸನೆ ಬಂದರೆ, ಅಥವಾ ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದಿದೆ ಅಥವಾ ಕಾರ್ಬುರೇಟರ್ ತುಂಬಿ ಸಿಲಿಂಡರಿಗಿಳಿಯುತ್ತಿದೆ. ಎಣ್ಣೆ ಬದಲಿಸದೆ ಎಂಜಿನ್ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ಕಾರ್ಬುರೇಟರ್ ಹೊರಮೈ ಒದ್ದೆಯಾಗಿದ್ದರೆ ಸ್ಟಾರ್ಟರ್ ಒತ್ತಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಂದವಾಗಿ ಕೆಂಪೇರಿದರೆ ಕೂಡಲೇ ಎಂಜಿನ್ ನಿಲ್ಲಿಸಿ, ಟೈಮಿಂಗ್ ಬಹಳ ಹಿಂದಿದೆ ಇಲ್ಲವೇ ಪೆಟ್ರೋಲ್ ಬಹಳ ಕಡಿಮೆಯಾಗಿದೆ. ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಮಾತ್ರ ನಳಿಕೆಯಿಂದ ಪೆಟ್ರೋಲ್ ಉಕ್ಕುತ್ತಿದ್ದರೆ ಫ್ಲೋಟನ್ನು ದೂರಬೇಡಿ. ಮ್ಯಾನಿಫೋಲ್ಡಿನ ಶಾಖ ನಿಯಂತ್ರಕ ತಗಡು ಬಿಸಿ ಕಡೆಗೆ ಸಿಕ್ಕಿಕೊಂಡು ಕಾರ್ಬುರೇಟರನ್ನು ಕುದಿಸುತ್ತಿರಬಹುದು. ಅದರ ಶಾಫ್ಟ್ ಕೈಯಿಂದ ತಿರುಗುವಷ್ಟು ಸಡಿಲವಿರಬೇಕು.

## ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದ ಮೇಲೆ

ಪ್ಲಗ್‌ಗಳನ್ನು ತೆಗೆದು ಸಾಲಾಗಿ ಇಡಿ. ನಾಲ್ಕೂ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ನಾಲ್ಕೂ ಮಸಿ ಹಿಡಿದಿದ್ದರೆ ಪೆಟ್ರೋಲ್ ಇನ್ನೂ ಹೆಚ್ಚು, ಎಂಟನೆಯ ಹಂತಕ್ಕೆ ಮರಳಿ. ಒಂದು ಮಾತ್ರ ಬೇರೆ ಬಣ್ಣಕ್ಕಿದ್ದರೆ ಕಾರ್ಬುರೇಟರನ್ನು ಮತ್ತೆ ಮುಟ್ಟಬೇಡಿ, ಆ ಸಿಲಿಂಡರಿನ ವೈರು, ವಾಲ್ವು, ಅದರ ಪಕ್ಕದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ.

ಹೊಸ ಗ್ಯಾಸ್ಕೆಟ್‌ಗಳು ಬಿಸಿ ಕಂಡ ಮೇಲೆ ತುಸು ಕುಗ್ಗುತ್ತವೆ. ಎಂಜಿನ್ ತಣ್ಣಗಾದ ಮೇಲೆ ಕಾರ್ಬುರೇಟರ್ ಬುಡದ ನಟ್ಟುಗಳನ್ನೂ ಮುಚ್ಚಳದ ಸ್ಕ್ರೂಗಳನ್ನೂ ಒಂದೊಂದೇ ಎಳೆ ಬಿಗಿ ಮಾಡಿ, ಕಿವಿ ಬಾಗುವಷ್ಟು ಬೇಡ. ಮಿಶ್ರಣದ ಸ್ಕ್ರೂ ಎಷ್ಟು ಸುತ್ತಿನಲ್ಲಿ ನಿಂತಿದೆ, ಮುಳ್ಳು ಎಷ್ಟು ಇಂಚು ತೋರಿಸಿತು ಎಂಬುದನ್ನು ಮೊದಲ ದಿನದ ಅದೇ ಕಾಗದದಲ್ಲಿ ದಿನಾಂಕ ಸಮೇತ ಬರೆಯಿರಿ. ಮುಂದಿನ ತಿಂಗಳು ಅದೇ ಹದಕ್ಕೆ ಸ್ಕ್ರೂವನ್ನು ಇನ್ನೂ ಅರ್ಧ ಸುತ್ತು ಹೊರಗೆ ತಿರುಗಿಸಬೇಕಾಗಿ ಬಂದರೆ ಎಲ್ಲೋ ಗಾಳಿ ನುಗ್ಗಲು ಶುರುವಾಗಿದೆ. ನಾಲ್ಕನೆಯ ಹಂತ, ಹೆಬ್ಬೆರಳಿನಿಂದ.